ಕಾಲಾಣೆಯ ಮೇಲೆ ಕಟ್ಟಿಗೆಯ ಎಳೆ, ರೂಪಾಯಿಯ ಮೇಲೆ ಕೆಂಪು ಕಲೆ: ತೊಳೆಯುವ ಮೊದಲು ನೋಡಬೇಕಾದ್ದು

ಪ್ರಶ್ನೆ: ನಮ್ಮದು ಜಮಖಂಡಿ ಹತ್ತಿರದ ಹಳ್ಳಿ. ಅಜ್ಜಿಯ ಟ್ರಂಕಿನಲ್ಲಿ ಹಳೆಯ ನಾಣ್ಯಗಳ ಗಂಟು ಸಿಕ್ಕಿದೆ. 1919ರ ಕಾಲಾಣೆಯೊಂದರ ಎರಡೂ ಬದಿಗೆ ಸಾಗವಾನಿ ಹಲಗೆಯ ಮೇಲಿರುವಂಥ ಕಂದು, ಹಳದಿ ಎಳೆಗಳಿವೆ. 1862ರ ರಾಣಿ ಛಾಪಿನ ರೂಪಾಯಿಯ ಅಂಚಿಗೆ ಹಳದಿ, ನೇರಳೆ, ನೀಲಿ ಬಣ್ಣ ಬಂದಿದೆ, ನಡುವೆ ಒಂದು ನೇರ ಕಪ್ಪು ಗೆರೆ ಇದೆ. 1944ರ ರೂಪಾಯಿಯಲ್ಲಿ ರಾಜನ ಕೆನ್ನೆ, ಕಿರೀಟ ಕೆಂಪಾಗಿವೆ, ಒಂದು ಕಡೆ ಪದರು ಎದ್ದಿದೆ. ಪ್ಲಾಸ್ಟಿಕ್ ಆಲ್ಬಮ್‌ನಲ್ಲಿ ಇಟ್ಟಿದ್ದ ತೂತಿನ ಪೈಸೆಗಳಿಗೆ ಹಸಿರು ಅಂಟು ಹತ್ತಿದೆ. ಹೊಲದಲ್ಲಿ ಸಿಕ್ಕಿದ್ದೆಂದು ಅಜ್ಜಿ ಹೇಳುತ್ತಿದ್ದ ದಪ್ಪ ತಾಮ್ರದ ಬಿಲ್ಲೆಯಿಂದ ತಿಳಿಹಸಿರು ಪುಡಿ ಉದುರುತ್ತದೆ. ಅಂಗಡಿಯವರೊಬ್ಬರು “ಗೆರಿ ಇದ್ದದ್ದೆಲ್ಲಾ ಖೋಟಾ, ಹುಣಸಿಹಣ್ಣು ಹಚ್ಚಿ ತೊಳದು ನೋಡ್ರಿ” ಎಂದರು. ತೊಳೆಯಬಹುದೇ?

ಉತ್ತರ: ತೊಳೆಯಬೇಡಿ. ಹುಣಸೆಹಣ್ಣು, ಲಿಂಬೆ, ಬೂದಿ, ಪಾತ್ರೆ ತಿಕ್ಕುವ ಪುಡಿ ಯಾವುದನ್ನೂ ಸದ್ಯಕ್ಕೆ ಹತ್ತಿರ ತರಬೇಡಿ. ನೀವು ಬರೆದ ಐದು ನಾಣ್ಯಗಳಲ್ಲಿ ಐದು ಬೇರೆ ಬೇರೆ ಸಂಗತಿ ನಡೆದಿದೆ. ಇವತ್ತೇ ಕೈ ಹಚ್ಚಬೇಕಾದದ್ದು ತೂತಿನ ಪೈಸೆಗಳಿಗೆ ಮಾತ್ರ. ತಾಮ್ರದ ಬಿಲ್ಲೆಯನ್ನು ಇವತ್ತೇ ಒಂದು ಒಣ ಡಬ್ಬಿಗೆ ಹಾಕಿ ಬೇರೆ ಇಡಿ. ಉಳಿದ ಮೂರನ್ನು ಇದ್ದ ಹಾಗೇ ಬಿಡುವುದೇ ಒಳ್ಳೆಯದು.

ಕಲೆ ಕಂಡ ಕೂಡಲೇ ಕೇಳಿಕೊಳ್ಳಬೇಕಾದದ್ದು ಒಂದೇ. ಇದು ಲೋಹದ ಒಳಗಿನದೋ, ಲೋಹದ ಮೇಲೆ ಕೂತದ್ದೋ, ಲೋಹವನ್ನು ತಿನ್ನುತ್ತಿರುವುದೋ? ಒಳಗಿನದು ಟಂಕಸಾಲೆಯಲ್ಲೇ ಹುಟ್ಟಿದ್ದು, ತೊಳೆದರೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಮೇಲೆ ಕೂತದ್ದರಲ್ಲಿ ಕೆಲವನ್ನು ತೆಗೆಯಬಹುದು, ಕೆಲವನ್ನು ತೆಗೆದರೆ ನಾಣ್ಯದ ಮುಖವೇ ಹೋಗುತ್ತದೆ. ತಿನ್ನುತ್ತಿರುವುದನ್ನು ಮಾತ್ರ ತಡೆಯಲೇಬೇಕು.

ನೋಡಲು ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು, ಗಡಿಯಾರ ರಿಪೇರಿಯವರ ಹತ್ತಿರ, ಪತ್ತಾರರ ಹತ್ತಿರ ಇರುವಂಥದ್ದು. ಮೇಜಿನ ಮೇಲೆ ಟವೆಲ್ ಮಡಚಿ ಹಾಸಿ, ಕಿಟಕಿಯ ಬೆಳಕು ಒಂದೇ ಬದಿಯಿಂದ ಬೀಳುವಂತೆ ಕೂತು, ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು ನಿಧಾನಕ್ಕೆ ಓರೆ ಮಾಡುತ್ತ ನೋಡಿ. ಬೆರಳಿನ ತುದಿ ತಾಗಿದರೆ ಬೆವರಿನ ಉಪ್ಪು ತಾಮ್ರಕ್ಕೆ ಅಂಟುತ್ತದೆ, ಕೆಲವು ವಾರಗಳಲ್ಲಿ ಬೆರಳಚ್ಚು ಕಂದು ಗೆರೆಗಳಾಗಿ ಎದ್ದು ಬರುತ್ತದೆ. ಅದೂ ಒಂದು ಬಗೆಯ ಕಲೆಯೇ, ಅದನ್ನು ನಾವೇ ಹಚ್ಚಿದ್ದು.

ಮೊದಲು ಕಾಲಾಣೆ. ಅದು ಖೋಟಾ ಅಲ್ಲ ಎಂದು ನಿಮ್ಮ ವಿವರಣೆಯಿಂದಲೇ ಬಹುಮಟ್ಟಿಗೆ ಹೇಳಬಹುದು. ಕಾಲಾಣೆ 1906ರವರೆಗೆ ತಾಮ್ರದ್ದು, ತೂಕ ಸುಮಾರು 6.48 ಗ್ರಾಂ. ಆ ವರ್ಷ ಅದನ್ನು ಕಂಚಿಗೆ ಬದಲಿಸಿ 4.86 ಗ್ರಾಂಗೆ ಇಳಿಸಿದರು. 100 ಭಾಗದಲ್ಲಿ 95 ತಾಮ್ರ, 4 ತವರ, 1 ಸತು. ತವರ 232 ಡಿಗ್ರಿಗೆ ಕರಗುತ್ತದೆ, ಸತು 420ಕ್ಕೆ ಕರಗಿ 907ಕ್ಕೆ ಕುದಿದು ಆವಿಯಾಗುತ್ತದೆ, ತಾಮ್ರಕ್ಕೆ 1085 ಡಿಗ್ರಿ ಬೇಕು. ಸ್ವಭಾವದಲ್ಲಿ ಇಷ್ಟು ದೂರದ ಮೂರು ಲೋಹಗಳನ್ನು ಮೂಸೆಯಲ್ಲಿ ಚೆನ್ನಾಗಿ ಕಲಕದೆ ಎರಕ ಹೊಯ್ದರೆ ಗಟ್ಟಿಯಲ್ಲಿ ಒಂದು ಕಡೆ ತವರ ಹೆಚ್ಚು, ಇನ್ನೊಂದು ಕಡೆ ಕಡಿಮೆ ಉಳಿಯುತ್ತದೆ. ಆಮೇಲೆ ಆ ಗಟ್ಟಿಯನ್ನು ಉರುಳೆಗಳ ನಡುವೆ ಮತ್ತೆ ಮತ್ತೆ ಹಾಯಿಸಿ ಪಟ್ಟಿ ಮಾಡುತ್ತಾರೆ. ಚಪಾತಿ ಕಣಕದಲ್ಲಿ ಅರಿಷಿಣ ಸರಿಯಾಗಿ ಕಲೆಯದೆ ಒಂದು ಗಂಟು ಉಳಿದಿದೆ ಅನ್ನಿ, ಲಟ್ಟಣಿಗೆ ಓಡಿದ ದಿಕ್ಕಿಗೇ ಅದು ಹಳದಿ ಎಳೆಯಾಗಿ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಪಟ್ಟಿಯಲ್ಲೂ ಆಗುವುದು ಇದೇ. ಅದರಿಂದ ಬಿಲ್ಲೆ ಕತ್ತರಿಸಿ ಛಾಪು ಹೊಡೆದ ದಿನ ಎಲ್ಲ ಒಂದೇ ಬಣ್ಣ ಕಾಣುತ್ತದೆ. ವರ್ಷಗಳು ಕಳೆದಂತೆ ತವರ ಹೆಚ್ಚಿದ್ದ ಎಳೆ ಒಂದು ಬಣ್ಣಕ್ಕೆ, ತಾಮ್ರ ಹೆಚ್ಚಿದ್ದ ಎಳೆ ಇನ್ನೊಂದು ಬಣ್ಣಕ್ಕೆ ತಿರುಗಿ, ಕಟ್ಟಿಗೆ ಹಲಗೆಯ ಹಾಗೆ ಕಾಣತೊಡಗುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಸುಲಭದ ಪರೀಕ್ಷೆ ಇದೆ. ಬಿಳಿ ಕಾಗದದ ಮೇಲೆ ನಾಣ್ಯ ಇಟ್ಟು, ಎಳೆಗಳು ಯಾವ ದಿಕ್ಕಿಗೆ ಹೋಗಿವೆಯೋ ಅದೇ ದಿಕ್ಕಿಗೆ ಕಾಗದದ ಮೇಲೆ (ನಾಣ್ಯದ ಮೇಲಲ್ಲ) ಪೆನ್ಸಿಲ್‌ನಿಂದ ಉದ್ದ ಗೆರೆ ಎಳೆಯಿರಿ. ಈಗ ಆ ಗೆರೆಯನ್ನೇ ಮಡಿಕೆ ಎಂದು ತಿಳಿದು ನಾಣ್ಯವನ್ನು ಮಗುಚಿ. ಬೆನ್ನಿನ ಎಳೆಗಳೂ ಆ ಪೆನ್ಸಿಲ್ ಗೆರೆಗೆ ಸಮಾಂತರವಾಗಿ ಬಂದರೆ, ಅವು ಪಟ್ಟಿ ಉರುಳಿದ ದಿಕ್ಕಿನವು. ಪುಟ ತಿರುವಿದಂತೆ ಎಡದಿಂದ ಬಲಕ್ಕೆ ಮಗುಚಿದರೆ ಓರೆ ಗೆರೆ ಕನ್ನಡಿಯಲ್ಲಿ ಕಂಡ ಹಾಗೆ ಎದುರು ಓರೆಗೆ ಹೋಗುತ್ತದೆ, ಹೊಂದುವುದಿಲ್ಲ ಎಂದು ಜನ ಮೋಸ ಹೋಗುವುದು ಅಲ್ಲೇ. ಎರಡನೆಯದಾಗಿ, ಒಂದೇ ಎಳೆಯನ್ನು ಹಿಡಿದು ಭೂತಗನ್ನಡಿಯಲ್ಲಿ ಹಿಂಬಾಲಿಸಿ. ಅದು ಬಯಲಿನಿಂದ ಅಕ್ಷರದ ಗೋಡೆ ಹತ್ತಿ, ರಾಜನ ಕಿವಿ ದಾಟಿ, ಮತ್ತೆ ಬಯಲಿಗೆ ಇಳಿದು ಕಡಿಯದೆ ಅಂಚಿಗೆ ಮುಟ್ಟಬೇಕು. ಗೀರಾಗಿದ್ದರೆ ಎತ್ತರದ ಭಾಗಕ್ಕೆ ತಾಗಿ, ತಗ್ಗನ್ನು ಹಾರಿ ಹೋಗುತ್ತದೆ. ನೀರು ಇಳಿದ ಕಲೆಯಾಗಿದ್ದರೆ ಅಕ್ಷರದ ಬುಡದಿಂದ ಹೊರಟು ಬಾಗುತ್ತದೆ. ಎಣ್ಣೆ ಬಟ್ಟೆಯಿಂದ ಒರೆಸಿದ ಗುರುತಾಗಿದ್ದರೆ ಒಂದು ಬದಿಗೆ ಮಾತ್ರ ಇರುತ್ತದೆ.

ಬೆಲೆಯ ಮಾತು. ಎಳೆ ಚೆನ್ನಾಗಿ ಎದ್ದಿರುವ ಕಾಲಾಣೆಯನ್ನು ಇಷ್ಟಪಟ್ಟು ಕೂಡಿಸುವವರು ಇದ್ದಾರೆ, ಆದರೆ ಸಾಮಾನ್ಯ ವರ್ಷದ ನಾಣ್ಯ ಎಳೆಯ ಕಾರಣಕ್ಕೆ ಲಕ್ಷ ರೂಪಾಯಿ ಆಗುವುದಿಲ್ಲ. ಹಾಗೆ ಆಸೆ ಹಚ್ಚಿ ಮುಂಗಡ ಶುಲ್ಕ, ಕಮಿಷನ್, ತೆರಿಗೆ ಎಂದು ದುಡ್ಡು ಕೇಳುವ ಫೋನುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಹಳೆಯ ನಾಣ್ಯ ಕೊಳ್ಳುವ ಕೆಲಸ ಆ ಬ್ಯಾಂಕಿನದಲ್ಲ, ಅದರ ಹೆಸರಲ್ಲಿ ಶುಲ್ಕ ಕೇಳಲು ಯಾರಿಗೂ ಅಧಿಕಾರ ಇಲ್ಲ.

ಈಗ ರಾಣಿ ಛಾಪಿನ ರೂಪಾಯಿ. 11.66 ಗ್ರಾಂ ತೂಕ, 91.7 ಭಾಗ ಬೆಳ್ಳಿ. (1862 ಎಂದು ಬರೆದದ್ದಕ್ಕೆ ಅದೇ ವರ್ಷದ್ದು ಎಂದುಕೊಳ್ಳಬೇಡಿ. ಆ ವರ್ಷವನ್ನೇ ಇಟ್ಟುಕೊಂಡು 1874ರವರೆಗೆ ಟಂಕಸಾಲೆಗಳು ಹೊಡೆದಿವೆ.) ಅಂಚಿನ ಬಣ್ಣ ಬಂದದ್ದು ಗಾಳಿಯಲ್ಲಿರುವ ಗಂಧಕದಿಂದ. ಗಂಧಕ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡಿನ ತೆಳು ಪೊರೆ ಕಟ್ಟುತ್ತದೆ. ನೀರಿನ ಮೇಲೆ ಚೆಲ್ಲಿದ ಎಣ್ಣೆಯಲ್ಲಿ ಬಣ್ಣ ಕಾಣುವುದೂ ಇದೂ ಒಂದೇ ಕಾರಣಕ್ಕೆ. ಪೊರೆಯ ದಪ್ಪಕ್ಕೆ ತಕ್ಕಂತೆ ಬಣ್ಣ: ಮೊದಲು ತಿಳಿಹಳದಿ, ಆಮೇಲೆ ಬಂಗಾರದ ಹಳದಿ, ಕೆಂಪುನೇರಳೆ, ನೀಲಿ, ಇನ್ನೂ ದಪ್ಪವಾದರೆ ಬೂದು, ಕಪ್ಪು. ಗಂಟಿನಲ್ಲಿ ಒತ್ತಾಗಿದ್ದ ನಾಣ್ಯಕ್ಕೆ ಗಾಳಿ ಅಂಚಿನಿಂದ ಹೊಕ್ಕುತ್ತದೆ, ಹೀಗಾಗಿ ಅಂಚಿನಲ್ಲಿ ನೀಲಿ, ಒಳಗೆ ಬಂದಂತೆ ನೇರಳೆ, ಹಳದಿ, ನಡುವೆ ಬೆಳ್ಳಿ. ಈ ಸಾಲು ತಪ್ಪದೆ ಇದ್ದರೆ ಅದು ತಾನಾಗಿ ಬಂದ ಬಣ್ಣ. ಹಳದಿ ಇಲ್ಲದೆ ಒಮ್ಮೆಲೇ ನೀಲಿಗೆ ಹಾರಿದ್ದರೆ, ಬಣ್ಣ ಹೊಸ ಗೀರುಗಳ ಒಳಗೂ ತುಂಬಿದ್ದರೆ, ಗಂಧಕ ಹಚ್ಚಿ ಕಾಸಿ ಬರಿಸಿದ ಬಣ್ಣ ಎಂದು ಅನುಮಾನಿಸಿ.

ನಡುವಿನ ನೇರ ಕಪ್ಪು ಗೆರೆಯದು ಬೇರೆ ಕತೆ. ಬಹುತೇಕ ರಬ್ಬರ್ ಬ್ಯಾಂಡ್ ಸುತ್ತಿದ್ದ ಜಾಗ ಅದು. ರಬ್ಬರನ್ನು ಗಟ್ಟಿ ಮಾಡಲು ಗಂಧಕ ಬೆರೆಸಿರುತ್ತಾರೆ, ಅದು ಬೆಳ್ಳಿಗೆ ತಾಗಿದ ಅಗಲಕ್ಕೆ ಸರಿಯಾಗಿ ಸುಟ್ಟಂತೆ ಗೆರೆ ಮೂಡುತ್ತದೆ. ಬೆಳ್ಳಿ ನಾಣ್ಯಕ್ಕೆ ಉಣ್ಣೆ ಬಟ್ಟೆ, ಸುದ್ದಿಪತ್ರಿಕೆ, ಅಗ್ಗದ ಕಂದು ಕಾಗದವೂ ಆಗುವುದಿಲ್ಲ. ಅಡುಗೆ ಗ್ಯಾಸಿಗೆ ವಾಸನೆ ಬರಲಿ ಎಂದು ಬೆರೆಸುವುದೂ ಗಂಧಕದ ಸಂಯುಕ್ತವೇ, ಅಡುಗೆಮನೆಯ ಗೂಡಿನಲ್ಲಿ ಇಟ್ಟ ಬೆಳ್ಳಿ ಬೇಗ ಕಪ್ಪಾಗುವುದರಲ್ಲಿ ಅದರದೂ ಪಾಲಿದೆ.

ಇದನ್ನು ತೆಗೆಯಲು ಎಲ್ಲರೂ ಹೇಳಿಕೊಡುವ ಉಪಾಯ ಅಲ್ಯೂಮಿನಿಯಂ ಹಾಳೆ, ಸೋಡಾ, ಬಿಸಿನೀರು. ಎರಡು ನಿಮಿಷದಲ್ಲಿ ಬೆಳ್ಳಗಾಗುವುದು ನಿಜ. ಆದರೆ ಪೊರೆ ಕಟ್ಟಿದ್ದೇ ನಾಣ್ಯದ ಮೈಯಿಂದ ತೆಗೆದುಕೊಂಡ ಬೆಳ್ಳಿಯಿಂದ. ಛಾಪು ಬಿದ್ದಾಗ ಲೋಹ ಹರಿದು ಮೂಡಿದ ಕೂದಲೆಳೆಗಿಂತ ಸಣ್ಣ ಗೆರೆಗಳೇ ಹೊಸ ನಾಣ್ಯದ ಹೊಳಪು. ಓರೆ ಮಾಡಿದಾಗ ಚಕ್ರದ ಕಡ್ಡಿಯ ಹಾಗೆ ಬೆಳಕು ತಿರುಗುವುದು ಅವುಗಳಿಂದ. ಪೊರೆ ಬಿಡಿಸಿದಾಗ ಅವು ಮೊಂಡಾಗುತ್ತವೆ, ಮರಳಿ ಬಂದ ಬೆಳ್ಳಿ ಸ್ಪಂಜಿನ ಹಾಗೆ ಸಡಿಲಾಗಿ ಕೂತು ಸುಣ್ಣದ ಬಿಳುಪು ಕೊಡುತ್ತದೆ. ಅಂಗಡಿಗಳ ಬೆಳ್ಳಿ ತೊಳೆಯುವ ದ್ರವದಿಂದಲೂ ಇದೇ ನಷ್ಟ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಬಣ್ಣ ಬಂದ ರೂಪಾಯಿಯನ್ನು ಮುಂದೆ ಬೇಕಾದಾಗ ತೊಳೆಯಬಹುದು, ತೊಳೆದದ್ದಕ್ಕೆ ಆ ನೂರು ವರ್ಷದ ಬಣ್ಣ ಮರಳಿ ತರಲಾಗುವುದಿಲ್ಲ.

1944ರ ರೂಪಾಯಿಯ ಕೆಂಪು ಕೆನ್ನೆಗೆ ಕಾರಣ ಅದರ ಲೋಹದಲ್ಲೇ ಇದೆ. 1939ರವರೆಗೆ 91.7 ಭಾಗ ಬೆಳ್ಳಿ ಇತ್ತು. ಯುದ್ಧಕಾಲದ ಬೆಳ್ಳಿ ಅಭಾವದಲ್ಲಿ 1940ರಿಂದ ಅರ್ಧಕ್ಕೆ ಇಳಿಸಿದರು: 50 ಬೆಳ್ಳಿ, 40 ತಾಮ್ರ, 5 ನಿಕಲ್, 5 ಸತು. ತೂಕ ಮಾತ್ರ ಅದೇ 11.66. ಇಷ್ಟು ತಾಮ್ರ ಇದ್ದೂ ಹೊಸ ರೂಪಾಯಿ ಬೆಳ್ಳಗೆ ಕಾಣುತ್ತಿತ್ತಲ್ಲ, ಅದು ಹೇಗೆ? ಬಿಲ್ಲೆಯನ್ನು ಮೆತ್ತಗಾಗಲು ಕಾಸಿದಾಗ ಮೇಲ್ಮೈಯ ತಾಮ್ರ ಸುಟ್ಟು ಕಪ್ಪು ಕಿಟ್ಟವಾಗುತ್ತದೆ. ತೆಳು ಆಮ್ಲದಲ್ಲಿ ಅದ್ದಿದರೆ ಕಿಟ್ಟ ಕರಗಿ, ಬೆಳ್ಳಿ ಹೆಚ್ಚಿರುವ ತೆಳು ಚರ್ಮ ಉಳಿಯುತ್ತದೆ. ಪತ್ತಾರರು ಒಡವೆಗೆ ಬೆಳಗು ಕೊಡುವುದೂ ಇದೇ ದಾರಿಯಿಂದ. ಕೈಯಿಂದ ಕೈಗೆ ಓಡಾಡಿ ಮೊದಲು ಸವೆಯುವುದು ಎತ್ತರದ ಜಾಗ: ಕೆನ್ನೆ, ಹುಬ್ಬು, ಕಿರೀಟ. ಚರ್ಮ ಹೋದಲ್ಲಿ ಒಳಗಿನ ತಾಮ್ರ ಇಣುಕುತ್ತದೆ. ತಗ್ಗಿನಲ್ಲಿ, ಅಕ್ಷರಗಳ ಸಂದಿನಲ್ಲಿ ಇನ್ನೂ ಬೆಳ್ಳಗಿರುತ್ತದೆ. ನಿಮ್ಮ ನಾಣ್ಯ ಹೀಗಿದ್ದರೆ ಸರಿಯಾಗಿದೆ. ಪದರು ಎದ್ದದ್ದೂ ಈ ವರ್ಷಗಳ ರೂಪಾಯಿಯಲ್ಲಿ ಅಪರೂಪವಲ್ಲ, ಎರಕದಲ್ಲಿ ಸಿಕ್ಕ ಕಸವೋ ಗಾಳಿಗುಳ್ಳೆಯೋ ಉರುಳೆಯಲ್ಲಿ ಚಪ್ಪಟೆಯಾಗಿ ಮುಂದೊಂದು ದಿನ ಬಾಯಿ ಬಿಡುತ್ತದೆ. ಉಗುರಿನಿಂದ ಎಬ್ಬಿಸಬೇಡಿ, ಅಂಟು ಹಾಕಬೇಡಿ.

ಆದರೂ ಬೆಳ್ಳಿ ನೀರು ಕೊಟ್ಟ ಹಿತ್ತಾಳೆಯ ಖೋಟಾ ರೂಪಾಯಿ ಇಲ್ಲವೆಂದಲ್ಲ. ಮನೆಯಲ್ಲೇ ನೋಡಬಹುದು, ಒಂದು ಗ್ರಾಮಿನ ನೂರನೇ ಭಾಗ ತೋರಿಸುವ ಚಿಕ್ಕ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ಒಣಗಿದ್ದಾಗ ತೂಗಿ. ಆಮೇಲೆ ಗಾಜಿನ ಲೋಟದಲ್ಲಿ ಡಿಸ್ಟಿಲ್ಡ್ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯಕ್ಕೆ ಹೊಲಿಗೆ ದಾರದ ಕುಣಿಕೆ ಹಾಕಿ, ಪೂರ್ತಿ ಮುಳುಗುವಂತೆ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಇಳಿಬಿಡಿ. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಸವೆಯದ 91.7ರ ರೂಪಾಯಿಗೆ ಅದು ಸುಮಾರು 1.13 ಗ್ರಾಂ, 50ರ ರೂಪಾಯಿಗೆ 1.22, ಹಿತ್ತಾಳೆಗೆ 1.38ರ ಆಸುಪಾಸು. ನಾಣ್ಯ ಸವೆದಿದ್ದರೆ ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿ: 10.3ರ ಹತ್ತಿರ ಬಂದರೆ ಹಳೆಯ ಬೆಳ್ಳಿ, 9.5 ಬಂದರೆ ಯುದ್ಧಕಾಲದ್ದು, 8.5 ಬಂದರೆ ಬೆಳ್ಳಿಯಲ್ಲ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಅಂಕಿ ಹೆಚ್ಚು ಬರುತ್ತದೆ, ದಾರ ಅಲ್ಲಾಡಿಸಿ ಬಿಡಿಸಿ. 1947ರ ರೂಪಾಯಿಗಳಿಗೆ ಈ ಲೆಕ್ಕ ಬೇಡ, ಅವು ಶುದ್ಧ ನಿಕಲ್, ಅಯಸ್ಕಾಂತಕ್ಕೆ ಅಂಟುತ್ತವೆ. ನೀರಿನಿಂದ ತೆಗೆದ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಉಜ್ಜಬೇಡಿ. ಎದ್ದ ಪದರಿನ ಅಡಿಗೆ ನೀರು ನಿಲ್ಲುತ್ತದೆ, ಆ ನಾಣ್ಯವನ್ನು ಒಂದು ದಿನ ಒಣ ಜಾಗದಲ್ಲಿ ಬಿಡಿ.

ಗಂಟಿನಲ್ಲಿ 1942ರಿಂದ 1945ರವರೆಗಿನ ಹಳದಿ ಬಣ್ಣದ ಅರ್ಧಾಣೆ, ಒಂದಾಣೆ, ಎರಡಾಣೆ ಇದ್ದರೆ ಅವುಗಳಲ್ಲೂ ಕೆಂಪು ಕಲೆ ಕಾಣಬಹುದು. ಅವು ನಿಕಲ್ ಹಿತ್ತಾಳೆ, 79 ತಾಮ್ರ, 20 ಸತು, 1 ನಿಕಲ್. ಒದ್ದೆಯಲ್ಲಿ ಸತು ಕರಗಿ ಹೊರಟುಹೋಗಿ ತಾಮ್ರ ಉಳಿದ ಜಾಗ ಅದು. ಹುಳಿ ಹಚ್ಚಿದರೆ ಕಲೆ ಇನ್ನೂ ದೊಡ್ಡದಾಗುತ್ತದೆ. ಅಂಚಿನಲ್ಲಿ ಮಾತ್ರ ಒಂದು ಕಡೆ ಕಪ್ಪು, ಬೂದು ಮಚ್ಚೆ ಇರುವ ರೂಪಾಯಿ ಸಿಕ್ಕರೆ ಅದು ಸರದಲ್ಲಿ ಪೋಣಿಸಲು ಕೊಂಡಿ ಬೆಸೆದ ಗುರುತು. ಬೆಸುಗೆಯ ಬಿಸಿಗೆ ಬದಲಾದ ಬಣ್ಣ ಹೋಗುವುದಿಲ್ಲ.

ತೂತಿನ ಪೈಸೆಗಳು, ಈಗ ಕೆಲಸ ಮಾಡಬೇಕಾದ್ದು. 1943ರಿಂದ 1947ರವರೆಗೆ ಬಂದ ಕಂಚಿನ, ಸುಮಾರು 2 ಗ್ರಾಂ ತೂಕದ ನಾಣ್ಯ ಅದು. ಹಸಿರು ಅಂಟು ಬಂದದ್ದು ಆಲ್ಬಮ್‌ನ ಪಿವಿಸಿ ಹಾಳೆಯಿಂದ. ಹಾಳೆ ಮೆತ್ತಗಿರಲಿ ಎಂದು ಹಾಕಿದ ಎಣ್ಣೆಯಂಥ ವಸ್ತು ವರ್ಷಗಳ ಮೇಲೆ ಹೊರಗೆ ಬೆವರುತ್ತದೆ, ಪ್ಲಾಸ್ಟಿಕ್ ತಾನೇ ಮುರಿಯುತ್ತ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಆಮ್ಲ ಕಂಚನ್ನು ತಿಂದು ಹಸಿರಾಗುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಆಲ್ಬಮ್‌ಗಳಲ್ಲಿ ಇದು ಬೇಗ ಆಗುತ್ತದೆ. ಹಾಳೆಗೆ ಹೊಸ ರೇನ್‌ಕೋಟಿನ ವಾಸನೆ ಇದ್ದರೆ, ಮುಟ್ಟಿದರೆ ಜಿಗುಟಾಗಿದ್ದರೆ ಅದು ಪಿವಿಸಿ ಎಂದೇ ತಿಳಿದು ಇಡೀ ಆಲ್ಬಮ್ ಬಿಟ್ಟುಬಿಡಿ.

ಬೇಕಾದದ್ದು ಶುದ್ಧ ಅಸಿಟೋನ್. ಕಾಲೇಜು ಪ್ರಯೋಗಾಲಯಗಳಿಗೆ ರಾಸಾಯನಿಕ ಕೊಡುವ ಅಂಗಡಿಗಳಲ್ಲಿ ಸಿಗುತ್ತದೆ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುವಾಸನೆ ಸೇರಿರುತ್ತದೆ. ಮುಚ್ಚಳವಿರುವ ಮೂರು ಗಾಜಿನ ಬಟ್ಟಲು ತೆಗೆದುಕೊಳ್ಳಿ, ಪ್ಲಾಸ್ಟಿಕ್ ಬಟ್ಟಲನ್ನು ಅಸಿಟೋನ್ ಕರಗಿಸಿ ನಾಣ್ಯಕ್ಕೆ ಹೊಸ ಅಂಟು ಹಚ್ಚೀತು. ಒಂದೊಂದಕ್ಕೆ 50 ಮಿ.ಲೀ. ಸಾಕು. ಗಾಳಿ ಆಡುವ ಕಡೆ ಕೂರಿ. ಒಲೆ, ದೀಪ, ಊದಿನಕಡ್ಡಿ ಯಾವುದೂ ಹತ್ತಿರ ಇರಬಾರದು, ಅದರ ಆವಿಗೆ ಥಟ್ಟನೆ ಬೆಂಕಿ ಹತ್ತುತ್ತದೆ. ಮೊದಲ ಬಟ್ಟಲಲ್ಲಿ 15 ನಿಮಿಷ, ನಡುನಡುವೆ ಬಟ್ಟಲನ್ನು ಮೆಲ್ಲಗೆ ತಿರುಗಿಸಿ. ಬಿದಿರಿನ ಚಿಮುಟದಿಂದ ಎರಡನೆಯದಕ್ಕೆ ಹಾಕಿ 10 ನಿಮಿಷ, ಮೂರನೆಯದರಲ್ಲಿ 5. ಮೂರು ಬಟ್ಟಲು ಯಾಕೆಂದರೆ ಒಂದೇ ಬಟ್ಟಲಿನಿಂದ ತೆಗೆದರೆ ಕರಗಿದ ಅಂಟೇ ತೆಳುವಾಗಿ ಮತ್ತೆ ನಾಣ್ಯದ ಮೇಲೆ ಒಣಗುತ್ತದೆ. ಹಟ ಹಿಡಿದ ಕಡೆ ಕಟ್ಟಿಗೆ ಕಡ್ಡಿಗೆ ಸುತ್ತಿದ ಹತ್ತಿಯನ್ನು ಅಸಿಟೋನ್‌ನಲ್ಲಿ ಅದ್ದಿ ಉರುಳಿಸಿ, ತಿಕ್ಕಬೇಡಿ. ತೂತಿನ ಒಳಗೋಡೆಯನ್ನು ಮರೆಯಬೇಡಿ, ಅಂಟು ಅಲ್ಲೇ ಅಡಗಿರುತ್ತದೆ.

ಒಂದು ತಪ್ಪು ಇಲ್ಲಿ ಪದೇ ಪದೇ ಆಗುತ್ತದೆ. ಅಸಿಟೋನ್ ಆರುವಾಗ ನಾಣ್ಯ ತಣ್ಣಗಾಗುತ್ತದೆ. ಬೆಳಗಾವಿ, ಖಾನಾಪುರದ ಕಡೆಯ ಮಳೆಗಾಲದ ಗಾಳಿಯಲ್ಲಿ ಈ ಕೆಲಸ ಮಾಡಿದರೆ ತಣ್ಣಗಾದ ಲೋಹದ ಮೇಲೆ ಹನಿ ಕೂತು ಬಿಳಿ ಮಂಜಿನ ಕಲೆ ಉಳಿಯುತ್ತದೆ. ಒಣ ಹವೆಯ ದಿನ ಆರಿಸಿಕೊಳ್ಳಿ. ಹಸಿರು ಹೋದ ಮೇಲೆ ಅಡಿಯಲ್ಲಿ ಮಸುಕು ತಗ್ಗು ಕಂಡರೆ ಅದು ಆಮ್ಲ ತಿಂದ ಜಾಗ. ತುಂಬಿಕೊಳ್ಳುವುದಿಲ್ಲ, ಆದರೆ ಮುಂದೆ ಬೆಳೆಯುವುದೂ ಇಲ್ಲ.

ಇನ್ನು ಹೊಲದ ಬಿಲ್ಲೆ. ದಪ್ಪ ತಾಮ್ರ, ವಕ್ರ ಅಂಚು ಎಂದರೆ ಕೈಯಿಂದ ಸುತ್ತಿಗೆ ಹೊಡೆದ ನಾಣ್ಯ ಇರಬಹುದು. ಪಾರಸಿ ಅಕ್ಷರ ಕಂಡರೆ ಆದಿಲಶಾಹಿ ಫಲೂಸ್ (ಆ ಕಾಲದ ತಾಮ್ರದ ನಾಣ್ಯ) ಆಗಿರುವ ಸಾಧ್ಯತೆ ಇದೆ, 1686ರಲ್ಲಿ ವಿಜಯಪುರ ಮೊಗಲರ ಕೈ ಸೇರುವವರೆಗೆ ಅವುಗಳದೇ ಚಲಾವಣೆ ಈ ಸೀಮೆಯಲ್ಲಿ. ಇಂಥ ಹಳೆಯ ನಾಣ್ಯಗಳಲ್ಲಿ, ಮರಾಠರ ಕಾಲದ ಬಾಗಲಕೋಟೆ ಟಂಕಸಾಲೆಯ ಬೆಳ್ಳಿ ರೂಪಾಯಿಗಳಲ್ಲೂ, ಅಂಚಿನ ಬಿರುಕು ಮತ್ತು ಒಂದೇ ದಿಕ್ಕಿಲ್ಲದ ಗೆರೆಗಳು ಸಹಜ. ಬೆಳ್ಳಿಯ ಮೇಲಿನ ಸಣ್ಣ ಚುಚ್ಚುಗುರುತು ಸರಾಫರು ಲೋಹ ಪರೀಕ್ಷಿಸಿ ಹಾಕಿದ್ದು.

ಆದರೆ ತಿಳಿಹಸಿರು ಪುಡಿ ಸಹಜವಲ್ಲ. ಗಟ್ಟಿಯಾದ ಕಡುಹಸಿರು ಅಥವಾ ಕಂದು ಕಿಲುಬು ನಾಣ್ಯವನ್ನು ಕಾಯುವ ಹೊದಿಕೆ, ಅದನ್ನು ಕೆರೆಯಬಾರದು. ಪುಡಿಯಾಗಿ ಉದುರುವ, ಉದುರಿದಲ್ಲಿ ಗುಣಿ ಬಿಡುವ ತಿಳಿಹಸಿರು ಮಾತ್ರ ರೋಗ. ನೆಲದ ಉಪ್ಪು ತಾಮ್ರದೊಳಗೆ ಕ್ಲೋರೈಡ್ ಆಗಿ ಕೂತಿರುತ್ತದೆ. ಗಾಳಿಯ ತೇವ ತಾಗಿದರೆ ಅದು ಹಸಿರು ಪುಡಿಯಾಗಿ ಆಮ್ಲ ಬಿಡುತ್ತದೆ, ಆಮ್ಲ ಹೊಸ ತಾಮ್ರ ತಿನ್ನುತ್ತದೆ, ಮತ್ತೆ ಕ್ಲೋರೈಡ್. ಕೃಷ್ಣೆ, ಘಟಪ್ರಭೆಯ ನೀರಾವರಿಯಲ್ಲಿ ನೀರು ಹೆಚ್ಚಾಗಿ ಸವುಳಾದ ಎರಿ ಹೊಲಗಳಿಂದ ಬಂದ ತಾಮ್ರಕ್ಕೆ ಈ ಭಯ ಹೆಚ್ಚು. ಅನುಮಾನ ಇದ್ದರೆ ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಹತ್ತಿಯ ಪಕ್ಕ, ತಾಗದಂತೆ, ನಾಣ್ಯವನ್ನು ಎರಡು ದಿನ ಇಟ್ಟು ನೋಡುತ್ತಾರೆ. ಹೊಸ ತಿಳಿಹಸಿರು ಚುಕ್ಕೆ ಎದ್ದರೆ ರೋಗ ಜೀವಂತ. ನಿಮ್ಮದು ಈಗಾಗಲೇ ಉದುರುತ್ತಿದೆ, ಈ ಪರೀಕ್ಷೆ ಬೇಡ.

ತಕ್ಷಣದ ಮದ್ದು ಒಣಗಿಸುವುದು. ಗಾಳಿಯ ತೇವ ನೂರಕ್ಕೆ 40ಕ್ಕಿಂತ ಕೆಳಗಿದ್ದರೆ ಈ ಚಕ್ರ ನಿಲ್ಲುತ್ತದೆ. ಬಿಗಿ ಮುಚ್ಚಳದ ಗಾಜಿನ ಡಬ್ಬಿ, ಒಳಗೆ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹರಳು 50 ಗ್ರಾಂ, ನಾಣ್ಯಕ್ಕೆ ತಾಗದಂತೆ. ಬಣ್ಣ ಬದಲಾದರೆ ಜೆಲ್ಲನ್ನು ಕಾಸಿ ಒಣಗಿಸಿ ಮತ್ತೆ ಬಳಸಿ. ಉಪ್ಪನ್ನೇ ಹೊರಗೆ ತೆಗೆಯುವ ದಾರಿ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 25 ಗ್ರಾಂ ವಾಷಿಂಗ್ ಸೋಡಾ, 25 ಗ್ರಾಂ ಅಡಿಗೆ ಸೋಡಾ ಕರಗಿಸಿ ನಾಣ್ಯ ನೆನೆಸುವುದು, ವಾರಕ್ಕೊಮ್ಮೆ ನೀರು ಬದಲಿಸುವುದು. ವಾರಗಳಲ್ಲ, ತಿಂಗಳುಗಳೇ ಹಿಡಿಯುತ್ತವೆ, ಮೇಲಿನ ಕಿಲುಬಿನ ಬಣ್ಣವೂ ಬದಲಾದೀತು. ಅಕ್ಷರ ಇರುವ ನಾಣ್ಯವಾದರೆ ಇದನ್ನು ಮನೆಯಲ್ಲಿ ಮಾಡಬೇಡಿ, ಒಣಗಿಸಿಟ್ಟು ಪುರಾತತ್ವ ಇಲಾಖೆಯವರಿಗೆ ತೋರಿಸಿ. ಬೋರಿನ ನೀರಿನಲ್ಲಂತೂ ತೊಳೆಯಲೇಬೇಡಿ, ನಮ್ಮ ಭಾಗದ ಬೋರಿನ ನೀರಿನಲ್ಲಿ ಸುಣ್ಣ, ಉಪ್ಪು ಎರಡೂ ಇವೆ.

ಇನ್ನೊಂದು ಮಾತು. ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ನೆಲದಲ್ಲಿ ಹೂತು ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಹೊಲದಲ್ಲಿ ಇನ್ನೂ ಸಿಗುತ್ತಿದ್ದರೆ ಅಗೆಯದೆ ಮೊದಲು ತಹಶೀಲ್ದಾರ ಕಚೇರಿಗೆ ಬರೆದು ಕೊಡಿ.

ಈಗ ಹುಣಸೆಹಣ್ಣಿನ ಪ್ರಶ್ನೆಗೆ. ಅದರ ಟಾರ್ಟಾರಿಕ್ ಆಮ್ಲ ತಾಮ್ರದ ಕಂದು ಪೊರೆಯನ್ನು ಕರಗಿಸುತ್ತದೆ. ತಂಬಿಗೆಗೆ ಅದು ಸರಿ, ತಂಬಿಗೆಯ ಮೈ ದಪ್ಪ, ಮತ್ತೆ ನಾಳೆ ತೊಳೆಯುತ್ತೀರಿ. ನಾಣ್ಯದಲ್ಲಿ ಆ ಕಂದು ಪೊರೆಯ ಜೊತೆಗೇ ಅಕ್ಷರದ ಚೂಪು ಹೋಗುತ್ತದೆ, ಅಡಿಯಿಂದ ಹಸಿ ಗುಲಾಬಿ ತಾಮ್ರ ಏಳುತ್ತದೆ. ತಿಳಿದವರು ದೂರದಿಂದಲೇ ಗುರುತಿಸುವ ಬಣ್ಣ ಅದು. ಹುಣಸೆಗೆ ಉಪ್ಪು ಸೇರಿಸಿ ತಿಕ್ಕಿದರೆ ಮೇಲೆ ಹೇಳಿದ ಕ್ಲೋರೈಡ್ ರೋಗವನ್ನು ಕೈಯಾರೆ ಹಚ್ಚಿದಂತೆ. ಬೂದಿ, ಪುಡಿಗಳ ಕಾಳು ಗೀರು ಹಾಕುತ್ತವೆ.

ದೀಪಾವಳಿಯ ಲಕ್ಷ್ಮೀಪೂಜೆಗೆ ಈ ನಾಣ್ಯಗಳನ್ನು ಜಗಲಿಯ ಮೇಲೆ ಇಡುವ ರೂಢಿ ನಿಮ್ಮ ಮನೆಯಲ್ಲಿ ಇದ್ದರೆ ಬಿಡಬೇಕಾಗಿಲ್ಲ. ಮುಚ್ಚಳದ ಗಾಜಿನ ಬಟ್ಟಲಲ್ಲಿಟ್ಟು ಅರಿಷಿಣ, ಕುಂಕುಮವನ್ನು ಬಟ್ಟಲಿಗೆ ಹಚ್ಚಿ. ಪಂಚಾಮೃತದ ಅಭಿಷೇಕಕ್ಕೆ ಇವತ್ತಿನ ಸ್ಟೀಲ್ ನಾಣ್ಯ ಬಳಸಿ, ಮೊಸರಿನ ಹುಳಿ ಅದಕ್ಕೆ ಅಷ್ಟು ತಾಗುವುದಿಲ್ಲ. ಈಗಾಗಲೇ ಹತ್ತಿದ ಅರಿಷಿಣದ ಹಳದಿ ಅಸಿಟೋನ್‌ಗೆ ಬಿಡುತ್ತದೆ, ನೀರಿಗೆ ಬಿಡುವುದಿಲ್ಲ. ಹೊಳಪಿಗೆಂದು ಕೊಬ್ಬರಿ ಎಣ್ಣೆ, ತುಪ್ಪ ಸವರುವುದೂ ಬೇಡ: ಎಣ್ಣೆಯಲ್ಲಿರುವ ಆಮ್ಲ ತಾಮ್ರದ ಜೊತೆ ಸೇರಿ ಹಸಿರು ಸಾಬೂನು ಆಗುತ್ತದೆ. ಹಿತ್ತಾಳೆ ಸಮೆಯ ಬತ್ತಿಯ ಬುಡದಲ್ಲಿ ಕಟ್ಟುವ ಹಸಿರು ಜಿಗುಟು ಅದೇ.

ಇಡುವುದಕ್ಕೆ ಒಂದೊಂದು ನಾಣ್ಯಕ್ಕೆ ಒಂದೊಂದು ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್) ಪೊರೆಯ ಕಾಗದದ ಚೌಕ ತೆಗೆದುಕೊಳ್ಳಿ, ನಾಣ್ಯ ಕೂಡಿಸುವವರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಸ್ಟೇಪ್ಲರ್ ಪಿನ್ನಿನ ತುದಿಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು ಬೀಳುತ್ತದೆ. ಪ್ಲೈವುಡ್ ಕಪಾಟಿಗಿಂತ ಕಬ್ಬಿಣದ ತಿಜೋರಿ ಮೇಲು, ಪ್ಲೈವುಡ್‌ನ ಅಂಟು ಆಮ್ಲದ ಆವಿ ಬಿಡುತ್ತದೆ. ತಾಮ್ರ, ಬೆಳ್ಳಿ ಬೇರೆ ಬೇರೆ ಡಬ್ಬಿಯಲ್ಲಿರಲಿ, ಹೊಲದ ಬಿಲ್ಲೆ ಎಲ್ಲವುಗಳಿಂದ ದೂರ. ಆ ಡಬ್ಬಿಯ ಮೇಲೆ ಇವತ್ತಿನ ದಿನಾಂಕ ಬರೆದು ಅಡಿಗೆ ಕರಿ ಕಾಗದ ಹಾಸಿಡಿ. ಹದಿನೈದು ದಿನಕ್ಕೆ ತೆರೆದಾಗ ಕಾಗದದ ಮೇಲೆ ಹೊಸ ಹಸಿರು ಪುಡಿ ಬಿದ್ದಿದ್ದರೆ ಮುಚ್ಚಳ ಬಿಗಿ ಇಲ್ಲ ಅಥವಾ ಜೆಲ್ ಸಾಲದು.